ಮಂಗಳೂರಿನಲ್ಲಿ ಕೊಂಡ ಲ್ಯಾಪ್‌ಟಾಪ್ ಕೆಟ್ಟಿದೆ, ಕಂಪನಿ ಕೈತೊಳೆದುಕೊಂಡಿದೆ: ಕಾಸರಗೋಡಿನವರು ದೂರು ಕೊಡಬೇಕಾದದ್ದು ಎಲ್ಲಿ?

ಬದಿಯಡ್ಕ ಡಿಟಿಪಿ

ಮಾನ್ಯರೇ, ಬದಿಯಡ್ಕ ಪೇಟೆಯಲ್ಲಿ ನಾನೊಂದು ಸಣ್ಣ ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಮದುವೆ, ಉಪನಯನಗಳ ಕರೆಯೋಲೆ, ಯಕ್ಷಗಾನದ ಕರಪತ್ರ, ದೇವಸ್ಥಾನಗಳ ಬ್ರಹ್ಮಕಲಶೋತ್ಸವದ ಆಮಂತ್ರಣ ಮುಂತಾದವುಗಳ ಅಕ್ಷರಜೋಡಣೆಯೇ ನನ್ನ ಜೀವನೋಪಾಯ. ಅಂಗಡಿಯಲ್ಲಿ ನಾನಲ್ಲದೆ ಬೇರೆ ಕೆಲಸದವರಿಲ್ಲ. ಕಳೆದ ಮಳೆಗಾಲಕ್ಕೆ ಮುಂಚೆ ಮಂಗಳೂರಿನ ಮಳಿಗೆಯೊಂದರಿಂದ ಹೆಸರುವಾಸಿ ಕಂಪನಿಯ ಲ್ಯಾಪ್‌ಟಾಪ್ ಕೊಂಡೆ. ಅದಕ್ಕೆ ಒಂದು ವರ್ಷದ ವಾರಂಟಿ ಇದೆ.

ಕೆಲವೇ ವಾರಗಳಲ್ಲಿ ಅದು ಕೆಲಸದ ನಡುವೆ ತಾನಾಗಿ ಆಫ್ ಆಗತೊಡಗಿತು. ಪರದೆ ಒಮ್ಮೆ ಮಿನುಗಿ ಕಪ್ಪಾಗುತ್ತದೆ, ಫ್ಯಾನು ಒಂದು ಕ್ಷಣ ಜೋರಾಗಿ ತಿರುಗಿ ನಿಲ್ಲುತ್ತದೆ, ಬಳಿಕ ಪವರ್ ಗುಂಡಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿದರೂ ಪ್ರಯೋಜನವಿಲ್ಲ. ಮಂಗಳೂರಿನ ಅಧಿಕೃತ ಸರ್ವಿಸ್ ಸೆಂಟರಿನವರು ಮೊದಲ ಸಲ ವಿಂಡೋಸ್ ಹೊಸದಾಗಿ ಹಾಕಿ ಮರಳಿಸಿದರು. ಅದೇ ತೊಂದರೆ ಮತ್ತೆ ಕಾಣಿಸಿಕೊಂಡಾಗ ಒಯ್ದರೆ, ಒಳಗೆ ನೀರು ಹೋಗಿದೆ, ಇದು ವಾರಂಟಿಗೆ ಬರುವುದಿಲ್ಲ, ಮದರ್‌ಬೋರ್ಡ್ ಬದಲಿಸಲು ದುಡ್ಡು ಕೊಡಬೇಕು ಎಂದರು. ಅವರು ಹೇಳಿದ ಮೊತ್ತ ಲ್ಯಾಪ್‌ಟಾಪ್ ಬೆಲೆಯ ಅರ್ಧಕ್ಕಿಂತಲೂ ಹೆಚ್ಚು. ಅದರ ಮೇಲೆ ನೀರು ಬಿದ್ದೇ ಇಲ್ಲ. ಕಂಪನಿಯ ಕಸ್ಟಮರ್ ಕೇರ್‌ಗೆ ಕರೆ ಮಾಡಿದರೆ ಪ್ರತಿ ಬಾರಿಯೂ ಹೊಸಬರೊಬ್ಬರಿಗೆ ಮೊದಲಿನಿಂದ ಕತೆ ಹೇಳಬೇಕು. ಈಗಂತೂ, ನೀವು ಇದನ್ನು ವ್ಯಾಪಾರಕ್ಕೆ ಬಳಸಿದ್ದೀರಿ, ಆದ್ದರಿಂದ ನೀವು ಗ್ರಾಹಕರೇ ಅಲ್ಲ ಎನ್ನುತ್ತಿದ್ದಾರೆ.

ಅಂಗಡಿ ಮತ್ತು ಸರ್ವಿಸ್ ಸೆಂಟರ್ ಇರುವುದು ಕರ್ನಾಟಕದಲ್ಲಿ, ನಾನಿರುವುದು ಕೇರಳದಲ್ಲಿ. ದೂರನ್ನು ಮಂಗಳೂರಿನಲ್ಲಿ ಕೊಡಬೇಕೇ, ಕಾಸರಗೋಡಿನಲ್ಲಿ ಕೊಡಬಹುದೇ? ಕನ್ನಡದಲ್ಲಿ ಬರೆದರೆ ಸ್ವೀಕರಿಸುವರೇ?

ಕುಂಬಳೆಯ ವಕೀಲ

ನೀವು ತಲಪಾಡಿಯ ಗಡಿ ದಾಟಿ ಹೋಗಬೇಕಾದ ಅಗತ್ಯವೇ ಇಲ್ಲ. 1986ರ ಹಳೆಯ ಕಾಯ್ದೆಯ ಕಾಲದಲ್ಲಿ ಎದುರುದಾರರು ಇರುವಲ್ಲಿ ಅಥವಾ ವ್ಯವಹಾರ ನಡೆದಲ್ಲಿ ದೂರು ಕೊಡಬೇಕಾಗಿತ್ತು. ನಮ್ಮ ಜಿಲ್ಲೆಯಂತಹ ಗಡಿಪ್ರದೇಶದವರು, ಪೇಟೆಯೆಂದರೆ ಮಂಗಳೂರೇ ಆಗಿರುವವರು, ಅದರಿಂದಾಗಿ ಎಷ್ಟೋ ದೂರುಗಳನ್ನು ನುಂಗಿಕೊಂಡಿದ್ದಾರೆ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ಆದ್ದರಿಂದ ಕಾಸರಗೋಡಿನ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವೇ ನಿಮಗೆ ಸಾಕು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ, ವಕೀಲರು ಇರಲೇಬೇಕೆಂಬ ನಿಯಮವೂ ಇಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳ ಅವಧಿಯಿದೆ.

ನೀವು ಗ್ರಾಹಕರೇ ಅಲ್ಲ ಎಂಬ ಮಾತಿಗೆ ಹೆದರಬೇಡಿ. ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವರನ್ನು ಕಾಯ್ದೆ ಹೊರಗಿಟ್ಟಿರುವುದು ನಿಜ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯ ಗಳಿಸುವುದಕ್ಕಾಗಿಯೇ ಕೊಂಡು ಬಳಸಿದರೆ ಅದು ವಾಣಿಜ್ಯ ಉದ್ದೇಶವಲ್ಲ ಎಂದು 2ನೇ ಸೆಕ್ಷನ್‌ನ 7ನೇ ಉಪವಿಭಾಗದ ವಿವರಣೆಯಲ್ಲಿಯೇ ಬರೆದಿದ್ದಾರೆ. ಕೆಲಸದವರಿಲ್ಲದೆ ಒಬ್ಬರೇ ಅಕ್ಷರಜೋಡಣೆ ಮಾಡಿ ಬದುಕುವ ನೀವು ಅದರೊಳಗೆ ಬರುತ್ತೀರಿ. ಈ ಸಂಗತಿಯನ್ನು ದೂರಿನ ಮೊದಲ ಪುಟದಲ್ಲಿಯೇ, ಅವರು ಎತ್ತುವ ಮೊದಲೇ, ಸ್ಪಷ್ಟವಾಗಿ ಬರೆಯಿರಿ.

ಮಳಿಗೆ, ಸರ್ವಿಸ್ ಸೆಂಟರ್, ಕಂಪನಿ ಈ ಮೂವರನ್ನೂ ಎದುರುದಾರರನ್ನಾಗಿ ಮಾಡಬೇಕು. ಇಲ್ಲವಾದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ಕಂಪನಿಯ ವಿಳಾಸ ಬೇಕಾದರೆ ಲ್ಯಾಪ್‌ಟಾಪ್ ಬಂದ ರಟ್ಟಿನ ಪೆಟ್ಟಿಗೆಯನ್ನು ನೋಡಿ. ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸಗಳನ್ನು ಅದರ ಮೇಲೆ ಮುದ್ರಿಸುವುದು ಕಡ್ಡಾಯ. ದೂರು ಕೊಡುವ ಮುಂಚೆ ನೋಟಿಸು ಕಳುಹಿಸಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಆದರೂ ಅಂಚೆಯಲ್ಲಿ ಒಂದು ಪತ್ರ ಕಳುಹಿಸಿ ರಸೀದಿ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಫೋನಿನಲ್ಲಿ ಮಾತಾಡಿದ ಯಾವುದಕ್ಕೂ ನಿಮ್ಮ ಕೈಯಲ್ಲಿ ಸಾಕ್ಷ್ಯವಿಲ್ಲ.

ಎದುರುದಾರರು ನೋಟಿಸು ತಲುಪಿದ 30 ದಿನಗಳೊಳಗೆ ಉತ್ತರಿಸಬೇಕು, ಆಯೋಗ ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು. ಈ 45 ದಿನಗಳ ಮಿತಿಯನ್ನು ಸಡಿಲಿಸುವಂತಿಲ್ಲ ಎಂದು, ಹಳೆಯ ಕಾಯ್ದೆಯಲ್ಲಿದ್ದ ಇಂತಹುದೇ ನಿಯಮದ ಕುರಿತು, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚಿನಲ್ಲಿ ತೀರ್ಪಿತ್ತಿದೆ. ವಸ್ತುವಿನ ಪರೀಕ್ಷೆ ಬೇಕಾದ ಪ್ರಕರಣವನ್ನು ಐದು ತಿಂಗಳಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳಿದರೂ ವ್ಯವಹಾರದಲ್ಲಿ ಅದಕ್ಕಿಂತ ತಡವಾಗುತ್ತದೆ. ಅದಕ್ಕೆ ನೀವು ಸಿದ್ಧರಿರಬೇಕು.

ಉಪ್ಪಳ ರಿಪೇರಿ

ನಾನು ಲ್ಯಾಪ್‌ಟಾಪ್ ರಿಪೇರಿ ಮಾಡುವವನು. ನೀರಿನ ವಿಷಯವೊಂದನ್ನೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಕರಣ ನಿಲ್ಲುವುದೂ ಬೀಳುವುದೂ ಅದರ ಮೇಲೆಯೇ.

ಮೊದಲ ಸಲ ಕೊಟ್ಟಾಗ ಅವರು ಬರೆದುಕೊಟ್ಟ ಜಾಬ್ ಶೀಟನ್ನು ಹುಡುಕಿ ತೆಗೆಯಿರಿ. ಅದರಲ್ಲಿ ಯಂತ್ರದ ಸ್ಥಿತಿಯನ್ನು ನಮೂದಿಸುವ ಜಾಗವಿರುತ್ತದೆ. ಅಲ್ಲಿ ಹಾನಿಯಿಲ್ಲ ಎಂದು ಬರೆದಿದ್ದರೆ, ಅಥವಾ ನೀರಿನ ಮಾತೇ ಇಲ್ಲದಿದ್ದರೆ, ಅದಕ್ಕಿಂತ ದೊಡ್ಡ ಸಾಕ್ಷ್ಯ ನಿಮಗೆ ಬೇಕಿಲ್ಲ: ಅದೇ ತೊಂದರೆ ಆಗಲೇ ಇತ್ತು, ಆಗ ನೀರು ಕಾಣದವರಿಗೆ ಎರಡನೆಯ ಸಲ ಮಾತ್ರ ಕಂಡಿತು ಎಂದಾಗುತ್ತದೆ. ಎರಡನೆಯ ಸಲದ ನಿರಾಕರಣೆಯನ್ನೂ ಬಾಯಿಮಾತಿನಲ್ಲಿ ಒಪ್ಪಿಕೊಳ್ಳಬೇಡಿ. ಯಾವ ಭಾಗದಲ್ಲಿ ನೀರಿನ ಗುರುತಿದೆ ಎಂದು ಬರೆದುಕೊಡಲು ಹೇಳಿ, ಮದರ್‌ಬೋರ್ಡಿನ ಸೀರಿಯಲ್ ನಂಬರ್ ಕಾಣುವ ಹಾಗೆ ಅದರ ಫೋಟೋ ಕೇಳಿ. ಬೇರೆ ಯಾರದೋ ಬೋರ್ಡಿನ ಫೋಟೋ ತೋರಿಸಿದರೂ ನಮಗೆ ತಿಳಿಯುವುದಿಲ್ಲವಲ್ಲ.

ನೀರು ಚೆಲ್ಲಿದ ಬೋರ್ಡಿನಲ್ಲಿ ಸಾಮಾನ್ಯವಾಗಿ ಕೀಬೋರ್ಡಿನ ಕೆಳಗಿನಿಂದ ಹರಿದ ಕಲೆ ಕಾಣುತ್ತದೆ, ಕಲೆಯ ಅಂಚಿನಲ್ಲಿ ಒಣಗಿದ ಗೆರೆ ಇರುತ್ತದೆ, ಅದರ ಸುತ್ತಲಿನ ಬಿಡಿಭಾಗಗಳ ಕಾಲುಗಳು ಹಸಿರಾಗಿ ಕಿಲುಬು ಹಿಡಿದಿರುತ್ತವೆ. ನಮ್ಮ ಕರಾವಳಿಯ ಆಟಿ ತಿಂಗಳ, ಅಂದರೆ ನಡು ಮಳೆಗಾಲದ, ತೇವಕ್ಕೆ ಆಗುವುದು ಬೇರೆ: ಯುಎಸ್‌ಬಿ ಪೋರ್ಟಿನ ತಗಡು, ಸ್ಕ್ರೂಗಳ ತಲೆ ಇಂತಹ ಕಡೆ ತೆಳುವಾಗಿ ಎಲ್ಲೆಡೆ ಮಸುಕಾಗುತ್ತದೆ, ಹರಿದ ದಾರಿ ಇರುವುದಿಲ್ಲ. ಈ ಮಸುಕನ್ನೇ ನೀರು ಎಂದು ಬರೆದು ಮರಳಿಸಿದ ಯಂತ್ರಗಳು ನನ್ನ ಮೇಜಿಗೆ ಬಂದಿವೆ, ಅದು ಅನ್ಯಾಯವೆಂದೇ ನಾನು ಹೇಳುತ್ತೇನೆ. ಮೂರು ತಿಂಗಳು ಜಡಿಮಳೆ ಸುರಿಯುವ ಊರಿನಲ್ಲಿ ಮಾರುವ ಯಂತ್ರ ಅಲ್ಲಿಯ ಗಾಳಿಯನ್ನು ತಾಳಿಕೊಳ್ಳಲೇಬೇಕು.

ವಿಂಡೋಸ್ ಹೊಸದಾಗಿ ಹಾಕಿದಾಗ ಹಳೆಯ ದಾಖಲೆಗಳೆಲ್ಲ ಅಳಿದಿರುತ್ತವೆ. ಆದರೆ ಆ ಬಳಿಕ ಆಫ್ ಆದದ್ದು, ವಿಂಡೋಸ್ ತನ್ನ ಘಟನೆಗಳನ್ನು ದಾಖಲಿಸಿ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ ಎಂಬ ಹೆಸರಿನಡಿ 41 ಎಂಬ ಸಂಖ್ಯೆಯಲ್ಲಿ ದಿನಾಂಕ, ಸಮಯ ಸಹಿತ ಉಳಿದಿರಬೇಕು. ಅದು ಕಾರಣವನ್ನು ಹೇಳುವುದಿಲ್ಲ, ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂಬುದನ್ನಷ್ಟೇ ಹೇಳುತ್ತದೆ; ಆದರೂ ತೊಂದರೆ ನಿರಂತರವಾಗಿತ್ತು ಎನ್ನಲು ಸಾಕು. ಯಂತ್ರ ಆನ್ ಆಗುವ ದಿನವೇ ಅದನ್ನು ಪ್ರಿಂಟ್ ತೆಗೆದಿಡಿ.

ನೀರ್ಚಾಲು

ಭಾಷೆಯ ಬಗ್ಗೆ ಕೇಳಿದ್ದೀರಿ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕನ್ನಡದಲ್ಲಿ ಬರೆಯಿರಿ ಎಂದೇ ನನ್ನ ಸಲಹೆ. ಜೊತೆಗೆ ಇಂಗ್ಲಿಷ್ ಪ್ರತಿಯನ್ನೂ ಲಗತ್ತಿಸಿದರೆ, ಅನುವಾದ ಬೇಕೆಂದು ಕಂಪನಿಯವರು ಕಾಲ ತಳ್ಳಲು ಅವಕಾಶವಿರುವುದಿಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು. ಅವರು ಆದೇಶ ಕೊಡುವವರಲ್ಲ, ಆದರೆ ದೂರನ್ನು ನೇರ ಕಂಪನಿಗೆ ತಲುಪಿಸುತ್ತಾರೆ, ದೂರಿಗೊಂದು ಸಂಖ್ಯೆಯೂ ಸಿಗುತ್ತದೆ.

ಬದಿಯಡ್ಕ ಡಿಟಿಪಿ

ಎಲ್ಲರಿಗೂ ಧನ್ಯವಾದಗಳು. ಮೊದಲ ಜಾಬ್ ಶೀಟ್ ಸಿಕ್ಕಿತು. ಸ್ಥಿತಿ ಎಂಬಲ್ಲಿ ಗೀರು, ಒಡಕು, ನೀರು ಯಾವುದೂ ಇಲ್ಲ ಎಂದು ಗುರುತು ಹಾಕಿದ್ದಾರೆ. ಲ್ಯಾಪ್‌ಟಾಪ್ ಇನ್ನೂ ಅವರಲ್ಲಿಯೇ ಇದೆ. ತಪಾಸಣೆಯ ಶುಲ್ಕ ಕೊಟ್ಟರೆ ಮಾತ್ರ ಮರಳಿಸುತ್ತೇವೆ ಎನ್ನುತ್ತಾರೆ. ಕೊಟ್ಟು ತರುವುದೇ, ಅಲ್ಲಿಯೇ ಬಿಡುವುದೇ?

ಉಪ್ಪಳ ರಿಪೇರಿ

ಕೊಟ್ಟು ತನ್ನಿ, ಆದರೆ ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ ಎಂದು ರಸೀದಿಯ ಮೇಲೆ ಬರೆದು ಸಹಿ ಹಾಕಿ, ಅದರ ಫೋಟೋ ತೆಗೆಯಿರಿ. ಆ ಮೊತ್ತವನ್ನೂ ದೂರಿನಲ್ಲಿ ಸೇರಿಸಬಹುದು. ಮನೆಗೆ ತಂದ ಮೇಲೆ ನೀವಾಗಲಿ ನಾನಾಗಲಿ ಅದರ ಸ್ಕ್ರೂ ಮುಟ್ಟಬಾರದು, ಏಕೆಂದರೆ ಆಯೋಗ ಅದನ್ನು ಪರೀಕ್ಷೆಗೆ ಕಳುಹಿಸುವಾಗ ಹೊರಗಿನವರು ಬಿಚ್ಚಿದ್ದಾರೆ ಎಂದು ಹೇಳಲು ಅವರಿಗೆ ಕಾರಣ ಸಿಗಬಾರದು. ಈಗ ಬೇರೆ ಯಂತ್ರ ಇಲ್ಲದಿದ್ದರೆ ತಿಳಿಸಿ. ನನ್ನಲ್ಲಿರುವ ಹಳೆಯದೊಂದರಲ್ಲಿ ಕನ್ನಡ ಅಕ್ಷರಜೋಡಣೆಯ ನುಡಿ ತಂತ್ರಾಂಶ ಹಾಕಿ ಕೊಡುತ್ತೇನೆ, ಕರೆಯೋಲೆಯ ಕೆಲಸ ನಿಲ್ಲುವುದು ಬೇಡ.