ಸಹಾಯ ಬೇಕು: ಒಂಟಿ ಹುಡುಗನ ನಾಟಕಕ್ಕೆ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ಮಕ್ಕಳಿಗೆ ನಾಟಕ ಮಾಡಿಸುತ್ತೇನೆ. ಈ ಸಲ ಒಂಬತ್ತನೇ ಕ್ಲಾಸಿನವರೇ ಕೂತು ಕಥೆ ಕಟ್ಟಿದ್ದಾರೆ. ಎಲ್ಲರೂ ಅಡ್ಡಹೆಸರಿನಲ್ಲೇ ಕರೆಯುವ, ಬಿಸಿಯೂಟಕ್ಕೂ ಯಾರೂ ಪಕ್ಕ ಕೂರಿಸಿಕೊಳ್ಳದ ಹುಡುಗ ಒಂದಿನ ತಾನೇ ಬೇರೆಯವರ ಮೇಲೆ ಕೈ ಎತ್ತುತ್ತಾನೆ.

ಮೊನ್ನೆ ರಿಹರ್ಸಲ್‌ನಲ್ಲಿ ಅವನ ಬ್ಯಾಗ್ ಕಸಿದು ಪುಸ್ತಕ ಚೆಲ್ಲುವ ದೃಶ್ಯ. ನೋಡುತ್ತಿದ್ದ ಮಕ್ಕಳು ಜೋರಾಗಿ ನಕ್ಕುಬಿಟ್ಟರು. ಪಾತ್ರ ಮಾಡಿದ ಹುಡುಗ ದೃಶ್ಯ ಮುಗಿದ ಮೇಲೂ ನೆಲದಲ್ಲೇ ಕೂತು ಒಂದೊಂದೇ ಪುಸ್ತಕ ಜೋಡಿಸುತ್ತಿದ್ದ. ತಲೆ ಎತ್ತಲೇ ಇಲ್ಲ. ಅವತ್ತಿಂದ ನನಗೆ ಸಮಾಧಾನವಿಲ್ಲ.

ಬ್ರೆಜಿಲ್‌ನ ರಂಗನಿರ್ದೇಶಕ ಆಗಸ್ಟೋ ಬೋಲ್ ಅವರ ಫೋರಂ ಥಿಯೇಟರ್ ಮಾಡಿಸೋಣ ಅಂತಿದ್ದೇನೆ. ಅದರಲ್ಲಿ ನಾಟಕವನ್ನು ಒಮ್ಮೆ ಪೂರ್ತಿ ಆಡಿ, ಎರಡನೇ ಸಲ ಆಡುವಾಗ ಪ್ರೇಕ್ಷಕರೇ ‘ನಿಲ್ಲಿಸಿ’ ಅಂದು ರಂಗಕ್ಕೆ ಬಂದು ಬೇರೆ ದಾರಿ ಆಡಿ ತೋರಿಸುತ್ತಾರೆ. ಶಾಲೆಯಲ್ಲಿ ಇದನ್ನು ಮಾಡಿಸಿದವರು ಇದ್ದೀರಾ? ಹೊಡೆತ ತೋರಿಸದೆ ಬರೀ ಶಬ್ದ, ಬೆಳಕಿನಲ್ಲಿ ಹೇಳಿದರೆ ಸಾಕಾಗುತ್ತಾ?

ಎಲ್ಲಕ್ಕಿಂತ ಜಾಸ್ತಿ ಬೇಕಿರುವುದು, ಪ್ರದರ್ಶನದ ದಿನ ಜೊತೆಗಿರಲು ಮೈಸೂರು ಕಡೆಯ ಒಬ್ಬ ಮಕ್ಕಳ ಆಪ್ತಸಮಾಲೋಚಕರು. ನಾಟಕ ನೋಡಿ ಯಾವುದಾದರೂ ಮಗು ತನ್ನ ಕಥೆ ಹೇಳಿಕೊಂಡರೆ ನಾನೊಬ್ಬನೇ ಸಾಲುವುದಿಲ್ಲ. 1098 ಮಕ್ಕಳ ಸಹಾಯವಾಣಿ ನಂಬರನ್ನು ಗೋಡೆಗೆ ದೊಡ್ಡದಾಗಿ ಬರೆಸಿದ್ದೇನೆ, ಆದರೆ ಅಷ್ಟೇ ಸಾಲದು ಅಲ್ವಾ? ಇನ್ನು ಮೂರು ವಾರವಿದೆ. ದಯವಿಟ್ಟು ಇನ್‌ಬಾಕ್ಸ್‌ಗೆ ಬರೆಯಿರಿ.