ಹಳೆಯ ಮಿಯಾಟಾದಲ್ಲಿ ಕ್ಲಚ್ ಕಲಿಯುವುದು: ಅನುಭವ ಹಂಚಿಕೆ

ಪ್ರಶ್ನೆ (ಆನ್ ಆರ್ಬರ್, ಮಿಷಿಗನ್)

ನಮಸ್ಕಾರ. ಮೈಸೂರಿನಲ್ಲಿ ಇರುವಷ್ಟು ದಿನ ನಾನು ಸ್ಕೂಟರ್ ಬಿಟ್ಟು ಬೇರೇನನ್ನೂ ಓಡಿಸಿದವನಲ್ಲ. ಇಲ್ಲಿಗೆ ಬಂದ ಮೇಲೆ ಕಲಿತದ್ದೆಲ್ಲ ಆಟೊಮ್ಯಾಟಿಕ್ ಕಾರಿನಲ್ಲಿಯೇ. ಕಳೆದ ತಿಂಗಳು ಬಹುದಿನದ ಆಸೆಗೆ ಸೋತು 1999ರ ಮಜ್ದಾ ಮಿಯಾಟಾ ಒಂದನ್ನು ಕೊಂಡೆ. ಐದು ಗೇರಿನ ಈ ಕಾರು 92,000 ಮೈಲಿ ಓಡಿದೆ. ಮಾರಿದವರೇ ತಂದು ಮನೆಯ ಮುಂದೆ ನಿಲ್ಲಿಸಿ ಹೋದರು. ಅಲ್ಲಿಂದ ಅದು ಕದಲಿಲ್ಲ. ಪ್ರಯತ್ನಿಸಿದಾಗಲೆಲ್ಲ ಎಂಜಿನ್ ನಿಂತುಹೋಗುತ್ತದೆ, ರಿವರ್ಸ್ ಹಾಕಲು ಹೋದರೆ ಕರಕರ ಸದ್ದು ಬರುತ್ತದೆ. ಸ್ಪೋರ್ಟ್ಸ್ ಕಾರಿನಲ್ಲಿ ಕಲಿಯಲು ಹೊರಟದ್ದೇ ತಪ್ಪಾಯಿತೇ? ಕ್ಲಚ್ ಪ್ಲೇಟ್ ಸುಟ್ಟುಹೋಗುವ ಭಯವೂ ಇದೆ. ಹೀಗೆ ಕಲಿತವರು ದಯವಿಟ್ಟು ಅನುಭವ ತಿಳಿಸಿ.

ಉತ್ತರ 1 (ನ್ಯೂಜೆರ್ಸಿಯಿಂದ)

ತಪ್ಪೇನೂ ಆಗಿಲ್ಲ. ಏಳು ವರ್ಷಗಳ ಹಿಂದೆ ನಾನು ಕಲಿತದ್ದು 1994ರ ಮಿಯಾಟಾದಲ್ಲಿ. ಸ್ಪೋರ್ಟ್ಸ್ ಕಾರು ಎಂಬ ಹೆಸರಿಗೆ ಹೆದರಬೇಕಾಗಿಲ್ಲ. ಒಂದು ಟನ್ನಿಗಿಂತ ಸ್ವಲ್ಪವೇ ಹೆಚ್ಚು ತೂಗುವ ಈ ಗಾಡಿಯನ್ನು ನಿಂತಲ್ಲಿಂದ ಹೊರಡಿಸಲು ಕ್ಲಚ್ ಹೆಚ್ಚು ಹೆಣಗಬೇಕಿಲ್ಲ, ಗೇರ್ ಕೋಲಿನ ಓಟವೂ ಚಿಕ್ಕದಾದ್ದರಿಂದ ಯಾವ ಗೇರ್ ಎಲ್ಲಿದೆಯೆಂದು ಕೈಗೆ ಬೇಗ ತಿಳಿಯುತ್ತದೆ. ತೊಂದರೆ ಇರುವುದು ಬೇರೆ ಕಡೆ. ಕಾರು ಹಳೆಯದು, ನೀವು ಹೊಸಬರು. ಸದ್ದು ಬಂದರೆ ತಪ್ಪು ನಿಮ್ಮ ಕಾಲಿನದೋ ಕಾರಿನದೋ ಎಂದು ನಿಮಗೆ ಗೊತ್ತಾಗುವುದಿಲ್ಲ. ನಾನು ಮೂರು ವಾರ ನನ್ನನ್ನೇ ಬೈದುಕೊಂಡೆ. ಕೊನೆಗೆ ನೋಡಿದರೆ ಪೆಡಲಿನ ಒತ್ತಡವನ್ನು ಕ್ಲಚ್ಚಿಗೆ ದಾಟಿಸುವ ಸ್ಲೇವ್ ಸಿಲಿಂಡರ್ ಸೋರುತ್ತಿತ್ತು.

ಆದ್ದರಿಂದ ಅಭ್ಯಾಸಕ್ಕೆ ಮೊದಲು ಒಂದು ಪರೀಕ್ಷೆ ಮಾಡಿ. ಎಂಜಿನ್ ಚಾಲೂ ಇರುವಾಗ ಕ್ಲಚ್ಚನ್ನು ತಳದವರೆಗೆ ಒತ್ತಿ ಹಿಡಿದು, ಮೂರು ನಾಲ್ಕು ಸೆಕೆಂಡ್ ಕಾದು, ಆಮೇಲೆ ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ನೀವು ಆತುರಪಟ್ಟಿರಿ ಎಂದು ಅರ್ಥ. ಆಗಲೂ ಕರಕರ ಎಂದರೆ ಕ್ಲಚ್ ಎಂಜಿನ್ನಿನಿಂದ ಪೂರ್ತಿಯಾಗಿ ಬಿಡಿಸಿಕೊಳ್ಳುತ್ತಿಲ್ಲ. ಈ ಕಾರಿನಲ್ಲಿ ಪೆಡಲಿನ ಒತ್ತಡವನ್ನು ಕ್ಲಚ್ಚಿಗೆ ಮುಟ್ಟಿಸುವುದು ದ್ರವ. ಮೇಲಿನ ಮಾಸ್ಟರ್ ಸಿಲಿಂಡರಿನಿಂದ ಹೊರಟ ಒತ್ತಡ ಗೇರ್ ಪೆಟ್ಟಿಗೆಯ ಪಕ್ಕದಲ್ಲಿರುವ ಸ್ಲೇವ್ ಸಿಲಿಂಡರನ್ನು ತಳ್ಳುತ್ತದೆ. ಅದರ ರಬ್ಬರ್ ಸೀಲು ಸವೆದರೆ ಪೆಡಲ್ ಮೆತ್ತಗಾಗುತ್ತದೆ, ಗೇರ್ ಬೀಳಲು ಸತಾಯಿಸುತ್ತದೆ. ಬಾನೆಟ್ ತೆರೆದು ಕ್ಲಚ್ ದ್ರವದ ಮಟ್ಟವನ್ನು ನೋಡಿ. ಇಳಿದಿದ್ದರೆ, ಅಥವಾ ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿಯೊಳಗೆ ಒದ್ದೆಯಿದ್ದರೆ, ಮೆಕ್ಯಾನಿಕ್ ಬಳಿ ಹೋಗಿ ಎರಡೂ ಸಿಲಿಂಡರುಗಳನ್ನು ಒಟ್ಟಿಗೇ ಬದಲಾಯಿಸಿಬಿಡಿ. ಇದು ಈ ಮಾದರಿಯ ಹಳೆಯ ಕಾರುಗಳ ಸಾಮಾನ್ಯ ಕಾಯಿಲೆ, ಕ್ಲಚ್ ಪ್ಲೇಟ್ ಬದಲಾಯಿಸುವಷ್ಟು ದೊಡ್ಡ ಖರ್ಚೂ ಅಲ್ಲ. ಪ್ಲೇಟ್ ಸವೆದಿದೆಯೇ ಎಂಬುದನ್ನು ಗಾಡಿ ಬಲ್ಲವರೊಬ್ಬರು ರಸ್ತೆಯಲ್ಲಿ ಓಡಿಸಿ ಹೇಳಬಲ್ಲರು: ನಾಲ್ಕನೆಯ ಗೇರಿನಲ್ಲಿ ನಿಧಾನವಾಗಿ ಹೋಗುತ್ತಿರುವಾಗ ಆಕ್ಸಿಲರೇಟರನ್ನು ಪೂರ್ತಿ ತುಳಿದರೆ, ವೇಗ ಏರದೆ ಎಂಜಿನ್ನಿನ ಸುತ್ತು ಮಾತ್ರ ಏರಿದರೆ ಪ್ಲೇಟ್ ಜಾರುತ್ತಿದೆ ಎಂದೇ ಲೆಕ್ಕ.

ಇನ್ನು ಕಲಿಕೆ. ಭಾನುವಾರ ಬೆಳಿಗ್ಗೆ ಯಾವುದಾದರೂ ಶಾಲೆಯ ಪಾರ್ಕಿಂಗ್ ಜಾಗ ಖಾಲಿ ಇರುತ್ತದೆ. ಅನುಮತಿ ಪಡೆದು ಸಮತಟ್ಟಾದ ಕಡೆ ನಿಲ್ಲಿಸಿಕೊಳ್ಳಿ. ಮೊದಲ ಒಂದು ಗಂಟೆ ಬಲಗಾಲಿಗೆ ಬ್ರೇಕ್ ಬಿಟ್ಟು ಬೇರೆ ಕೆಲಸವಿಲ್ಲ, ಆಕ್ಸಿಲರೇಟರನ್ನು ಮುಟ್ಟಲೇಬೇಡಿ. ಫಸ್ಟ್ ಗೇರ್ ಹಾಕಿ, ಎಡಗಾಲನ್ನು ಕೂದಲೆಳೆಯಷ್ಟಷ್ಟೇ ಮೇಲೆತ್ತುತ್ತ ಬನ್ನಿ. ಒಂದು ಕಡೆ ಎಂಜಿನ್ನಿನ ಸದ್ದು ತುಸು ಕುಗ್ಗಿ ಕಾರು ಅಲುಗುತ್ತದೆ. ಕ್ಲಚ್ ಹಿಡಿಯುವ ಜಾಗ ಅದೇ. ಅಲ್ಲಿ ಕಾಲನ್ನು ಒಂದೆರಡು ಸೆಕೆಂಡ್ ತಡೆದು ನಿಲ್ಲಿಸಿ, ಕಾರು ನಡೆಯತೊಡಗಿದ ಮೇಲೆ ಉಳಿದದ್ದನ್ನು ಬಿಡಿ. ಕಲಿಯುವವರೆಲ್ಲರೂ ಎಡವುವುದು ಇಲ್ಲಿಯೇ: ಕಾರು ಅಲುಗಿದ ಕೂಡಲೇ ಕೆಲಸ ಮುಗಿಯಿತೆಂದು ಕಾಲು ಪೆಡಲಿನಿಂದ ಹಾರಿಬಿಡುತ್ತದೆ, ಎಂಜಿನ್ ಕುಪ್ಪಳಿಸಿ ನಿಲ್ಲುತ್ತದೆ. ಇದನ್ನೇ ಮೂವತ್ತು ನಲವತ್ತು ಸಲ ಮಾಡಿ. ಬೇಸರ ಬರುತ್ತದೆ, ಬರಲಿ. ಆ ಜಾಗ ಕಾಲಿಗೆ ಗೊತ್ತಾದ ಮೇಲೆ ಆಕ್ಸಿಲರೇಟರ್ ಸೇರಿಸುವುದು ಅರ್ಧ ಗಂಟೆಯ ಮಾತು.

ಎಂಜಿನ್ ನಿಂತುಹೋದರೆ ಕ್ಲಚ್ಚಿಗೆ ಹಾನಿಯಿಲ್ಲ, ನಾಚಿಕೆಯಾಗುತ್ತದೆ ಅಷ್ಟೆ. ಪ್ಲೇಟ್ ಸುಡುವುದು ನಿಂತುಹೋಗುವ ಭಯಕ್ಕೆ ಆಕ್ಸಿಲರೇಟರನ್ನು ಜೋರಾಗಿ ತುಳಿದು, ಕ್ಲಚ್ಚನ್ನು ಅರ್ಧದಲ್ಲಿಯೇ ಹಿಡಿದುಕೊಳ್ಳುವವರದ್ದು. ಸುಟ್ಟ ವಾಸನೆ ಬಂದರೆ ಅಂದಿಗೆ ಸಾಕು ಎಂದು ಇಳಿದುಬಿಡಿ.

ಇನ್ನೊಂದು ಮಾತು: ಚಳಿಯ ಬೆಳಿಗ್ಗೆ ಈ ಕಾರಿನ ಎರಡನೆಯ ಗೇರ್ ಗಟ್ಟಿಯಾಗಿರುತ್ತದೆ. ಎಣ್ಣೆ ಬಿಸಿಯಾಗುವವರೆಗೆ ಒರಟಾಗಿ ತಳ್ಳಬೇಡಿ.

ಉತ್ತರ 2 (ಇಂಗ್ಲೆಂಡಿನಿಂದ)

ಅಮೆರಿಕದಲ್ಲಿ ಸಾಮಾನ್ಯ ಕಾರಿನ ಲೈಸೆನ್ಸಿಗೆ ಗೇರಿನ ಭೇದವಿಲ್ಲ. ಆ ಮಟ್ಟಿಗೆ ನೀವು ಅದೃಷ್ಟವಂತರು. ಇಲ್ಲಿ ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಪಾಸಾದವರು ಗೇರಿನ ಕಾರನ್ನು ಒಬ್ಬರೇ ಓಡಿಸುವಂತಿಲ್ಲ. ಮತ್ತೆ ಎಲ್ ಫಲಕ ಹಚ್ಚಿಕೊಂಡು, ಪಕ್ಕದಲ್ಲಿ ಕನಿಷ್ಠ 21 ವರ್ಷದ, ಮೂರು ವರ್ಷ ಲೈಸೆನ್ಸ್ ಹೊಂದಿರುವ, ಗೇರಿನ ಕಾರು ಓಡಿಸುವ ಅರ್ಹತೆಯುಳ್ಳವರನ್ನು ಕೂರಿಸಿಕೊಂಡು ಕಲಿತು, ಪರೀಕ್ಷೆಯನ್ನು ಇನ್ನೊಮ್ಮೆ ಕೊಡಬೇಕು. ಮಿಯಾಟಾ ಕೊಳ್ಳಬೇಕೆಂದಿರುವ ಇಲ್ಲಿನ ಕನ್ನಡಿಗರು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಉತ್ತರ 3 (ಟೆಕ್ಸಸ್, ಮೂಲತಃ ಶಿವಮೊಗ್ಗ)

ನಾನು ನಿಮಗೆ ತದ್ವಿರುದ್ಧ. ಊರಿನಲ್ಲಿ ಮಾರುತಿ 800 ಓಡಿಸಿ ಪಳಗಿದವಳು, ಗೇರೆಂದರೆ ನೀರು ಕುಡಿದಂತೆ ಎಂಬ ಜಂಬದಿಂದಲೇ ಇಲ್ಲಿ ಸ್ನೇಹಿತರ ಮಿಯಾಟಾ ಹತ್ತಿದೆ. ಕಾಲುಗಳು ಏನನ್ನೂ ಮರೆತಿರಲಿಲ್ಲ, ಆದರೆ ಎಡಗೈ ಪ್ರತಿಸಲವೂ ಗೇರ್ ಹುಡುಕುತ್ತ ಬಾಗಿಲಿಗೆ ಬಡಿಯುತ್ತಿತ್ತು. ತಿರುವಿನಲ್ಲಿ ಇಂಡಿಕೇಟರ್ ಹಾಕಲು ಹೋದರೆ ಬಿಸಿಲಿನಲ್ಲಿ ವೈಪರ್ ಆಡುತ್ತಿತ್ತು. ಇಲ್ಲಿಯೇ ಹೊಸದಾಗಿ ಕಲಿಯುವ ನಿಮಗೆ ಆ ಕಾಟವಿಲ್ಲ.

ಏರಿನ ವಿಷಯದಲ್ಲಿ ಮಾತ್ರ ಹಳೆಯ ಪಾಠ ನನಗೆ ಉಪಯೋಗಕ್ಕೆ ಬಂತು. ಆಗುಂಬೆ ಘಾಟಿಯಲ್ಲಿ ಮುಂದಿನ ಬಸ್ಸು ನಿಂತಾಗಲೆಲ್ಲ ನಾನು ಹಾಫ್ ಕ್ಲಚ್ಚಿನಲ್ಲಿಯೇ ಕಾರನ್ನು ತಡೆದು ಹಿಡಿಯುತ್ತಿದ್ದೆ. ಪಕ್ಕದಲ್ಲಿ ಕುಳಿತಿದ್ದ ಸೋದರಮಾವ, "ಕ್ಲಚ್ ಇರೋದು ಗಾಡಿ ಹೊರಡ್ಸೋಕೆ, ನಿಲ್ಲಿಸೋಕೆ ಹ್ಯಾಂಡ್‌ಬ್ರೇಕ್ ಇದೆ ಕಣೇ" ಎಂದು ಗದರಿದ್ದರು. ಏರಿನಲ್ಲಿ ನಿಂತರೆ ಹ್ಯಾಂಡ್‌ಬ್ರೇಕ್ ಎಳೆಯಿರಿ. ಹೊರಡುವಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಕ್ಲಚ್ ಹಿಡಿದು ಕಾರಿನ ಹಿಂಭಾಗ ತುಸು ಕುಗ್ಗಿದಂತೆ ಅನ್ನಿಸಿದಾಗ ಹ್ಯಾಂಡ್‌ಬ್ರೇಕ್ ಇಳಿಸಿ. ಕಾರು ಒಂದಂಗುಲವೂ ಹಿಂದೆ ಜಾರುವುದಿಲ್ಲ. ನಿಮ್ಮ ಕಾರಿನ ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆಯೇ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ.

ದಪ್ಪ ಬೂಟು ಬೇಡ. ಮಿಯಾಟಾದಲ್ಲಿ ಕಾಲಿಡುವ ಜಾಗ ಇಕ್ಕಟ್ಟು, ಒಂದು ಪೆಡಲ್ ತುಳಿಯಲು ಹೋಗಿ ಎರಡನ್ನೂ ತುಳಿಯುತ್ತೀರಿ. ನಿಮ್ಮ ಕಾರಿನ ಸ್ಟಿಯರಿಂಗನ್ನು ಮೇಲೆ ಕೆಳಗೆ ಹೊಂದಿಸಲೂ ಬರುವುದಿಲ್ಲವಾದ್ದರಿಂದ, ಕ್ಲಚ್ ತಳ ಮುಟ್ಟಿದಾಗಲೂ ಮಂಡಿ ಸ್ವಲ್ಪ ಮಡಿಸಿರುವಂತೆ ಸೀಟನ್ನೇ ಸರಿಸಿಕೊಳ್ಳಬೇಕು. ಹಿಂದಿನ ಚಕ್ರಗಳಿಗೆ ಬಲ ಹೋಗುವ ಹಗುರ ಕಾರಾದ್ದರಿಂದ, ಒದ್ದೆ ರಸ್ತೆಯ ತಿರುವಿನಲ್ಲಿ ಗೇರ್ ಇಳಿಸಿ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ ಹಿಂಭಾಗ ಜಾರಬಹುದು. ಗೇರ್ ಇಳಿಸುವುದೇನಿದ್ದರೂ ತಿರುವಿಗೆ ಮೊದಲೇ ಆಗಿಬಿಡಲಿ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಧನ್ಯವಾದ. ನಾಲ್ಕು ಸೆಕೆಂಡ್ ಕಾದರೂ ರಿವರ್ಸ್ ಕರಕರ ಎಂದಿತು, ದ್ರವವೂ ಇಳಿದಿತ್ತು. ಸಿಲಿಂಡರುಗಳೆರಡನ್ನೂ ಬದಲಾಯಿಸಿದ ಮೇಲೆ ಅದು ಬೇರೆಯೇ ಕಾರಾಯಿತು. ಎರಡು ಭಾನುವಾರ ಆಕ್ಸಿಲರೇಟರ್ ಮುಟ್ಟದೆ ಪಾರ್ಕಿಂಗ್ ಜಾಗದಲ್ಲಿ ತೆವಳಿದೆ, ನಿನ್ನೆ ಮೂರನೆಯ ಗೇರಿನವರೆಗೆ ಹೋಗಿ ದಿನಸಿ ತಂದೆ. ದಾರಿಯಲ್ಲಿ ಒಂದು ಸಿಗ್ನಲ್ಲಿನಲ್ಲಿ ಎಂಜಿನ್ ನಿಂತಿತು. ಹಿಂದಿನವರು ಹಾರ್ನ್ ಹೊಡೆದರು, ನಾನು ಕ್ಲಚ್ ಒತ್ತಿ ಮತ್ತೆ ಚಾಲೂ ಮಾಡಿಕೊಂಡು ಹೊರಟೆ. ಏರಿನ ಅಭ್ಯಾಸ ಮುಂದಿನ ಭಾನುವಾರಕ್ಕೆ; ಹ್ಯಾಂಡ್‌ಬ್ರೇಕನ್ನು ಈಗಾಗಲೇ ಬಿಗಿ ಮಾಡಿಸಿದ್ದೇನೆ.