ಸಹಾಯ ಬೇಕು: ಜನರೇಟರ್ ಟ್ರಾಲಿ ಎಳೆಯುವ ಡೀಸೆಲ್ ಪಿಕಪ್‌ನಲ್ಲಿ 3ನೇ ಗೇರ್ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದು ಶಾಮಿಯಾನ, ಲೈಟಿಂಗ್ ಕೆಲಸ. 2017ರ ಪಿಕಪ್, 1,40,000 ಕಿ.ಮೀ. ಓಡಿದೆ. ಹಿಂದೆ ಜನರೇಟರ್ ಟ್ರಾಲಿ ಕಟ್ಟಿಕೊಂಡು ಊರೂರು ತಿರುಗುತ್ತೇವೆ.

ಹೋದ ವಾರ ಭರಮಸಾಗರ ದಾಟಿ ಚಿತ್ರದುರ್ಗದ ಕಡೆ ಹೋಗುವಾಗ, ಏರಿನಲ್ಲಿ 3ನೇ ಗೇರ್ ತಾನಾಗೇ ನ್ಯೂಟ್ರಲ್‌ಗೆ ಜಾರಿತು. ಹಿಂದೆ ಅಷ್ಟು ಭಾರ, ಪಕ್ಕದಲ್ಲಿ ಲಾರಿಗಳು. ಎದೆ ಧಸಕ್ ಎಂದಿತು. ಆಮೇಲೆ ಲಿವರ್ ಕೈಯಲ್ಲೇ ಒತ್ತಿ ಹಿಡಿದು ಊರು ಸೇರಿದೆ. ಟ್ರಾಲಿ ಇಲ್ಲದಿದ್ದರೆ ಈ ತೊಂದರೆ ಇಲ್ಲ.

ಗೇರ್ ಆಯಿಲ್ ಇಳಿಸಿ ನೋಡಿದೆವು. ಕಪ್ಪಗಾಗಿ ಸುಟ್ಟ ವಾಸನೆ ಬರುತ್ತಿತ್ತು. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದಿಯಂಥ ಕಬ್ಬಿಣದ ಪುಡಿ ಮೆತ್ತಿತ್ತು, ಅದರಲ್ಲಿ ಅಕ್ಕಿಕಾಳಿನಷ್ಟು ಒಂದು ಚೂರು. ಪುಡಿ ಸವೆತದಿಂದ ಬರುತ್ತೆ, ಸರಿ. ಆ ಚೂರು ಮಾತ್ರ ಗೇರಿನ ಹಲ್ಲು ಮುರಿದದ್ದೇ ಅಂತ ನನಗನ್ನಿಸುತ್ತೆ. ಭಾರ ಇದ್ದಾಗಲೂ ಕೆಳಗಿನ ಗೇರಿಗೆ ಇಳಿಸದೆ ಒದ್ದಾಡಿಸಿ ಎಳೆಸಿದ್ದು ನಮ್ಮ ಹುಡುಗರ ತಪ್ಪು.

ಒಬ್ಬ ಮೆಕ್ಯಾನಿಕ್ 3ನೇ ಗೇರ್, ಸಿಂಕ್ರೋ ರಿಂಗ್ (ಗೇರ್ ಸಲೀಸಾಗಿ ಬೀಳಲು ವೇಗ ಹೊಂದಿಸುವ ಬಳೆ), ಶಿಫ್ಟ್ ಫೋರ್ಕ್ (ಒಳಗೆ ಗೇರ್ ಬದಲಿಸಲು ಸರಿಸುವ ಕವಲು) ಬದಲಿಸಿದರೆ ಸಾಕು ಅಂತಾರೆ. ಇನ್ನೊಬ್ಬರು ಬೇರಿಂಗ್ ಸಮೇತ ಪೂರ್ತಿ ಬಿಚ್ಚಬೇಕು ಅಂತಾರೆ. ಗುಜರಿಯಿಂದ ಹಳೇ ಗೇರ್‌ಬಾಕ್ಸ್ ತಂದು ಕೂರಿಸಲು ನನಗೆ ಧೈರ್ಯವಿಲ್ಲ.

ಟ್ರಾಲಿ ಎಳೆಯುವ ಗಾಡಿಗೆ ಹೀಗೆ ರಿಪೇರಿ ಮಾಡಿಸಿದವರು ಇದ್ದೀರಾ? ಎಷ್ಟು ದಿನ ಬಾಳಿಕೆ ಬಂತು? ಆಯಿಲ್ ಎಷ್ಟು ಕಿ.ಮೀ.ಗೆ ಬದಲಿಸುತ್ತೀರಿ? ದಾವಣಗೆರೆ, ಚಿತ್ರದುರ್ಗದಲ್ಲಿ ಗೇರ್‌ಬಾಕ್ಸ್ ಕೆಲಸವನ್ನೇ ಮಾಡುವ ಒಳ್ಳೆ ಕೈ ಇದ್ದರೆ ದಯವಿಟ್ಟು ತಿಳಿಸಿ. ನಾಯಕನಹಟ್ಟಿ ಜಾತ್ರೆಗೆ ಮುಂಗಡ ತಗೊಂಡಿದ್ದೇನೆ, ಅಷ್ಟರೊಳಗೆ ಗಾಡಿ ಸರಿಯಾಗಲೇಬೇಕು.